ಪಾಠ ಮಾಡಿದ್ದೀರಿ, ಸರಿ. ಮಕ್ಕಳಿಗೆ ಬಂತಾ?

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಭಿನ್ನರಾಶಿ ಕೂಡುವ ಪಾಠ. ಎಷ್ಟು ಚೆನ್ನಾಗಿ ಮಾಡಿದೆ ಅಂದರೆ ನನಗೇ ಖುಷಿಯಾಗಿತ್ತು. ಬಣ್ಣದ ಸೀಮೆಸುಣ್ಣ, ಬೋರ್ಡಿನ ತುಂಬಾ ವೃತ್ತಗಳು, ನಡುವೆ ಒಂದೆರಡು ಜೋಕು. ಕೊನೆಗೆ "ಅರ್ಥವಾಯ್ತಾ?" ಅಂದೆ. "ಆಯ್ತೂ ಮಿಸ್" ಅಂತ ಇಡೀ ಕ್ಲಾಸು ರಾಗ ಎಳೆಯಿತು.

ಮುಂದಿನ ವಾರ ಟೆಸ್ಟು ಕೊಟ್ಟೆ. 1/2 + 1/3 ಎಷ್ಟು? ಅರ್ಧಕ್ಕಿಂತ ಜಾಸ್ತಿ ಮಕ್ಕಳು 2/5 ಅಂತ ಬರೆದಿದ್ದರು.

ಮೊದಲು ಸಿಟ್ಟು ಬಂತು. ಆಮೇಲೆ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಗೆ ಮಾಡಿದೆ ಅಂತ ಕೇಳಿದೆ. "ಮೇಲಿನದಕ್ಕೆ ಮೇಲಿನದು ಕೂಡಿದೆ, ಕೆಳಗಿನದಕ್ಕೆ ಕೆಳಗಿನದು" ಅಂದ. ಮುಖದಲ್ಲಿ ಒಂಚೂರೂ ಅನುಮಾನವಿಲ್ಲ. ಅವನ ಮಟ್ಟಿಗೆ ಅವನು ಮಾಡಿದ್ದು ಸರಿಯೇ. ಕೂಡು ಅಂದರು, ಕೂಡಿದ. ನಾನು ಬಿಡಿಸಿದ ವೃತ್ತಗಳಿಗೂ ಅವನು ಬರೆದ ಅಂಕಿಗಳಿಗೂ ಅವನ ತಲೆಯಲ್ಲಿ ಯಾವ ಸಂಬಂಧವೂ ಇರಲಿಲ್ಲ. ಅದು ನನಗೆ ಗೊತ್ತಾಗಲು ಒಂದು ವಾರ ಮತ್ತು ಒಂದು ಟೆಸ್ಟು ಬೇಕಾಯ್ತು. ತಪ್ಪು ಇದ್ದದ್ದು ಅಲ್ಲಿ.

ಒಳ್ಳೆಯ ಶಿಕ್ಷಕರ ಗುಣಗಳು ಯಾವುವು ಅಂತ ಕೇಳಿದರೆ ಎಲ್ಲರ ಬಳಿಯೂ ಒಂದು ಪಟ್ಟಿ ಇರುತ್ತದೆ. ತಾಳ್ಮೆ, ಪ್ರೀತಿ, ವಿಷಯಜ್ಞಾನ, ಶಿಸ್ತು, ನಗುಮುಖ. ಯಾವುದೂ ಸುಳ್ಳಲ್ಲ. ಆದರೆ ಸೋಮವಾರ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಹೋಗುವವರಿಗೆ "ತಾಳ್ಮೆ ಇರಲಿ" ಅಂತ ಹೇಳಿ ಏನು ಉಪಯೋಗ? ಏನು ಮಾಡಬೇಕು ಅಂತ ಹೇಳಬೇಕು ಅಲ್ವಾ. ನನ್ನ ಪ್ರಕಾರ ಆ ಪಟ್ಟಿಗೆಲ್ಲ ಬೇರು ಒಂದೇ. ಈಗ, ಈ ನಿಮಿಷ, ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ಬಿಡದೆ ಹುಡುಕುವ ಚಟ. ಇದು ಹುಟ್ಟಿನಿಂದ ಬರುವುದಲ್ಲ, ರೂಢಿಯಿಂದ ಬರುತ್ತದೆ. ಹೇಗೆ ರೂಢಿ ಮಾಡಿಕೊಳ್ಳುವುದು ಅಂತ ಕೆಳಗೆ ಬರೆದಿದ್ದೇನೆ. ಉದಾಹರಣೆಗಳು ಜಾಸ್ತಿ ಗಣಿತದವು, ಯಾಕಂದ್ರೆ ನಾನು ಕಲಿಸುವುದು ಅದನ್ನೇ. ನಿಮ್ಮ ವಿಷಯಕ್ಕೆ ನೀವು ಹೊಂದಿಸಿಕೊಳ್ಳಿ.

1. ಪಾಠವನ್ನು ತಪ್ಪುಗಳ ಕಡೆಯಿಂದ ತಯಾರು ಮಾಡಿ

ವಿಷಯ ಚೆನ್ನಾಗಿ ಗೊತ್ತಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಷಯ ಚೆನ್ನಾಗಿ ಗೊತ್ತಿದ್ದೂ ಕಲಿಸಲು ಬಾರದವರನ್ನು ನಾವೆಲ್ಲ ನೋಡಿದ್ದೇವೆ. 1986ರಲ್ಲಿ ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು ಇದಕ್ಕೊಂದು ಹೆಸರೇ ಕೊಟ್ಟರು. ವಿಷಯದ ಜ್ಞಾನ ಒಂದು, ಆ ವಿಷಯವನ್ನು ಕಲಿಸುವ ಜ್ಞಾನ ಇನ್ನೊಂದು ಅಂತ. ಎರಡನೆಯದರಲ್ಲಿ ದೊಡ್ಡ ಪಾಲು ಯಾವುದು ಗೊತ್ತಾ? ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಅನ್ನುವುದು.

ನಮಗೆ ಗೊತ್ತಿರುವುದೇ ನಮಗೆ ಅಡ್ಡ ಬರುತ್ತದೆ. 1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ತಮಾಷೆಯ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಹಾಡು ಯಾವುದು ಅಂತ ಹೇಳಬೇಕು. ಅರ್ಧದಷ್ಟಾದರೂ ಕಂಡುಹಿಡಿಯುತ್ತಾರೆ ಅಂತ ತಟ್ಟಿದವರು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಕಂಡುಹಿಡಿದದ್ದು 3. ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ಬೋರ್ಡಿನ ಮುಂದೆ ನಿಂತಾಗ ನಾವು ಮಾಡುವುದೂ ಎಷ್ಟೋ ಸಲ ಇದೇ.

ಹಾಗಾಗಿ ಪಾಠ ಯೋಜನೆ ಬರೆದಾದ ಮೇಲೆ ಹಾಳೆಯ ಹಿಂದೆ ಮೂರು ತಪ್ಪು ಉತ್ತರ ಬರೆಯಿರಿ. ಈ ಪಾಠದಲ್ಲಿ ಮಕ್ಕಳು ಖಂಡಿತ ಕೊಡಬಹುದಾದ ಮೂರು ತಪ್ಪುಗಳು. ಒಂದೊಂದರ ಮುಂದೆಯೂ ಅದರ ಹಿಂದಿನ ಕಾರಣ. ಕೆಲವು ಮಾದರಿ ಕೊಡುತ್ತೇನೆ.

0.45 ದೊಡ್ಡದೋ 0.6 ದೊಡ್ಡದೋ? ಎಷ್ಟೋ ಮಕ್ಕಳು 0.45 ಅನ್ನುತ್ತಾರೆ. ಕಾರಣ, 45 ಅನ್ನುವುದು 6ಕ್ಕಿಂತ ದೊಡ್ಡದು ಅಂತ ಇಷ್ಟು ವರ್ಷ ನಾವೇ ಕಲಿಸಿದ್ದೇವೆ.

8 + 4 = __ + 5. ಖಾಲಿ ಜಾಗದಲ್ಲಿ 12 ಅಂತ ಬರೆಯುತ್ತಾರೆ. ಯಾಕಂದ್ರೆ ಅವರಿಗೆ ಸಮ ಚಿಹ್ನೆ ಅಂದರೆ "ಎರಡೂ ಕಡೆ ಒಂದೇ" ಅಂತಲ್ಲ, "ಇನ್ನು ಉತ್ತರ ಬರಿ" ಅಂತ. ಬರಬೇಕಾದ್ದು 7.

ಬೇಸಿಗೆ ಯಾಕೆ ಬರುತ್ತದೆ? ಭೂಮಿ ಸೂರ್ಯನ ಹತ್ತಿರ ಹೋಗುವುದರಿಂದ ಅಂತ ದೊಡ್ಡವರೂ ಹೇಳುತ್ತಾರೆ. ಒಲೆಯ ಹತ್ತಿರ ಹೋದರೆ ಬಿಸಿ ಜಾಸ್ತಿ, ಅದೇ ಅನುಭವ. ನಿಜ ಏನಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದ ಆಸುಪಾಸಿನಲ್ಲಿ, ಆಗ ಭೂಮಿಯ ಉತ್ತರಾರ್ಧದಲ್ಲಿ ಚಳಿಗಾಲ. ಋತುಗಳಿಗೆ ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದು.

ನೋಡಿ, ಯಾವ ತಪ್ಪೂ ಸುಮ್ನೆ ಬಂದಿಲ್ಲ. ಪ್ರತಿಯೊಂದಕ್ಕೂ ಒಂದು ತರ್ಕ ಇದೆ. ಆ ತರ್ಕವನ್ನು ಮುಟ್ಟದೆ ಸರಿ ಉತ್ತರವನ್ನು ಎಷ್ಟು ಸಲ ಹೇಳಿದರೂ ಅದು ಮೇಲೆ ಮೇಲೆ ಕೂರುತ್ತದೆ, ಟೆಸ್ಟು ಮುಗಿದ ಮಾರನೇ ದಿನ ಹಳೆಯದು ಎದ್ದು ಬರುತ್ತದೆ.

ಹಾಗಾದರೆ ಮುಟ್ಟುವುದು ಹೇಗೆ? 2/5 ಕಥೆಗೇ ಬರೋಣ. ನಾನೀಗ "ತಪ್ಪು, ಛೇದ ಸಮ ಮಾಡು" ಅಂತ ಶುರು ಮಾಡುವುದಿಲ್ಲ. "ನಿನ್ನ ಹತ್ತಿರ ಅರ್ಧ ಇತ್ತು, ಅದಕ್ಕೆ ಇನ್ನೊಂದಿಷ್ಟು ಸೇರಿಸಿದೆ. ಈಗ ಅರ್ಧಕ್ಕಿಂತ ಜಾಸ್ತಿ ಇರಬೇಕೋ ಕಡಿಮೆಯೋ?" ಅಂತ ಕೇಳುತ್ತೇನೆ. "ಜಾಸ್ತಿ." "2/5 ಅರ್ಧಕ್ಕಿಂತ ಜಾಸ್ತಿಯಾ?" ಇಲ್ಲಿ ಒಂದು ಮೌನ ಬರುತ್ತದೆ. ಕೆಲವರು ಬೆರಳು ಮಡಿಸುತ್ತಾರೆ, ಕೆಲವರು ಚಿತ್ರ ಬರೆಯುತ್ತಾರೆ. ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ. ಸೇರಿಸಿದರೆ ಕಡಿಮೆ ಆಯ್ತಾ? ಅವರ ಲೆಕ್ಕವೇ ಅವರಿಗೆ ತಿರುಗಿ ಬೀಳುತ್ತದೆ. ಆ ಮುಖ ನೋಡಬೇಕು ನೀವು. ಛೇದ ಸಮ ಮಾಡುವ ವಿಧಾನ ಅದಾದ ಮೇಲೆ ಬಂದರೆ ಸಾಕು, ಆಗ ಅದನ್ನು ಅವರೇ ಕೇಳುತ್ತಿರುತ್ತಾರೆ.

2. ಒಂದೇ ಸಲಕ್ಕೆ ತುಂಬಬೇಡಿ

ತಲೆಯಲ್ಲಿ ಒಂದೇ ಸಲಕ್ಕೆ ಹಿಡಿದಿಡಬಹುದಾದ ಹೊಸ ವಿಷಯಗಳು ತುಂಬಾ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಸುಮಾರು ಏಳು ಅಂದಿದ್ದರು, ನಂತರ ಬಂದವರು ನಾಲ್ಕರ ಆಸುಪಾಸಿಗೆ ಇಳಿಸಿದರು. ನಾವಾದರೋ ಬೋರ್ಡಿನ ಮೇಲೆ ಒಂದು ಬರೆದು, ಬಾಯಲ್ಲಿ ಇನ್ನೊಂದು ಹೇಳಿ, "ಹಿಂದಿನ ಪಾಠ ನೆನಪಿದೆ ತಾನೆ" ಅಂತ ಮೂರನೆಯದನ್ನೂ ಸೇರಿಸುತ್ತೇವೆ.

ಹೊಸ ಲೆಕ್ಕವೋ ವ್ಯಾಕರಣವೋ ಆದರೆ ಈ ಕ್ರಮ ನೋಡಿ. ಮೊದಲು ಒಂದನ್ನು ಪೂರ್ತಿ ನೀವೇ ಬಿಡಿಸಿ ತೋರಿಸಿ, ಪ್ರತಿ ಸಾಲಿಗೂ ಯಾಕೆ ಅಂತ ಬಾಯಿ ಬಿಟ್ಟು ಹೇಳಿ. ಎರಡನೆಯದನ್ನು ಮುಕ್ಕಾಲು ನೀವು ಬಿಡಿಸಿ, ಕೊನೆಯ ಹೆಜ್ಜೆ ಅವರಿಗೆ ಬಿಡಿ. ಮೂರನೆಯದರಲ್ಲಿ ಮೊದಲ ಹೆಜ್ಜೆ ಮಾತ್ರ ನಿಮ್ಮದು. ನಾಲ್ಕನೆಯದು ಪೂರ್ತಿ ಅವರದು. ಬಿಡಿಸಿದ ಮಾದರಿ ನೋಡಿ ಕಲಿಯುವುದು ಹೊಸಬರಿಗೆ ಎಷ್ಟು ಸಹಾಯಕ ಅಂತ ಜಾನ್ ಸ್ವೆಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 1980ರ ದಶಕದಲ್ಲೇ ತೋರಿಸಿದ್ದಾರೆ. "ತಾವೇ ಕಂಡುಹಿಡಿಯಲಿ" ಅನ್ನುವುದು ಕೇಳಲು ಚೆಂದ, ಆದರೆ ಏನೂ ಗೊತ್ತಿಲ್ಲದವರನ್ನು ನಡುನೀರಿನಲ್ಲಿ ಬಿಟ್ಟರೆ ಈಜು ಬರುವುದಿಲ್ಲ, ಭಯ ಬರುತ್ತದೆ.

3. ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾಡಿ ನೋಡಲು ಸಮಯ ಇದೆ ಅನ್ನುವವರು ಇದನ್ನು ಮಾಡಿ.

ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕೂತರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನಷ್ಟು. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆಯನ್ನೇ ಬದಲಿಸುವುದು, ಇಲ್ಲಾ ಉತ್ತರ ತಾವೇ ಹೇಳುವುದು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಯಿತು, ಸಾಮಾನ್ಯವಾಗಿ ಬಾಯಿ ತೆರೆಯದವರೂ ಮಾತಾಡಿದರು. ಮಗು ಉತ್ತರ ಹೇಳಿದ ಮೇಲೂ ಮೂರು ಸೆಕೆಂಡು ಸುಮ್ಮನಿದ್ದರೆ ಅದೇ ಮಗು ಇನ್ನೊಂದು ಮಾತು ಸೇರಿಸುತ್ತದೆ.

ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸಬಹುದು. ನಾಳೆ ಕ್ಲಾಸಿನಲ್ಲಿ ಮಾಡಿ ನೋಡಿ, ಯುಗದಂತೆ ಅನ್ನಿಸುತ್ತದೆ. ನಾನು ಮೊದಮೊದಲು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬೆರಳಲ್ಲಿ ಎಣಿಸುತ್ತಿದ್ದೆ. ಆದರೂ ಎರಡಕ್ಕೆ ಬಾಯಿ ತೆರೆದುಬಿಡುತ್ತಿತ್ತು. ಅಷ್ಟು ಕಷ್ಟ.

ಇದರ ಜೊತೆ ಇನ್ನೆರಡು ಚಿಕ್ಕ ಬದಲಾವಣೆ. ಮೊದಲನೆಯದು, ಪ್ರಶ್ನೆ ಮೊದಲು, ಹೆಸರು ಆಮೇಲೆ. ಹೆಸರು ಕರೆದು ಪ್ರಶ್ನೆ ಕೇಳಿದರೆ ಉಳಿದವರೆಲ್ಲ ಆ ಕ್ಷಣವೇ ಆರಾಮಾಗಿಬಿಡುತ್ತಾರೆ, ಬಲೆಗೆ ಬಿದ್ದದ್ದು ಬೇರೆ ಮೀನು ಅಂತ. ಎರಡನೆಯದು, ಕೈ ಎತ್ತಿದವರನ್ನೇ ಕೇಳುವುದನ್ನು ಕಡಿಮೆ ಮಾಡಿ. ಕೈ ಎತ್ತುವವರಿಗೆ ಉತ್ತರ ಗೊತ್ತಿರುತ್ತದೆ, ಗೊತ್ತಿರುವವರಿಂದ ಗೊತ್ತಿರುವುದನ್ನು ಕೇಳಿ ನಿಮಗೆ ಸಿಗುವುದಾದರೂ ಏನು? ಎಲ್ಲರ ಕೈಗೂ ಒಂದು ಸ್ಲೇಟು, ಅದಿಲ್ಲದಿದ್ದರೆ ಹಳೆಯ ಹಾಳೆಯ ಚೂರು ಕೊಡಿ. ಪ್ರಶ್ನೆ ಕೇಳಿ, ಬರೆಯಲಿ, "ತೋರಿಸಿ" ಅಂದಾಗ ಒಟ್ಟಿಗೆ ಎತ್ತಲಿ. ಹತ್ತು ಸೆಕೆಂಡಿನಲ್ಲಿ ಇಡೀ ಕ್ಲಾಸಿನ ತಲೆಯೊಳಗೆ ಇಣುಕಿದ ಹಾಗೆ. ಇಪ್ಪತ್ತು ಸ್ಲೇಟಿನಲ್ಲಿ 0.45 ಕಂಡರೆ ಮುಂದೆ ಹೋಗಬೇಡಿ. ಎರಡೇ ಕಂಡರೆ ಮುಂದೆ ಹೋಗಿ, ಆ ಇಬ್ಬರ ಹತ್ತಿರ ಆಮೇಲೆ ಕೂರಿ.

"ಅರ್ಥವಾಯ್ತಾ?" ಅನ್ನುವ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಅದಕ್ಕೆ ಒಂದೇ ಉತ್ತರ, ಅದೂ ರಾಗವಾಗಿ. "ಇದನ್ನು ನಿನ್ನೆ ರಜೆ ಹಾಕಿದವನಿಗೆ ಹೇಗೆ ಹೇಳ್ತೀಯ?", "ಇದರಲ್ಲಿ ಎಲ್ಲಿ ತಪ್ಪು ಮಾಡುವ ಸಾಧ್ಯತೆ ಇದೆ?" ಇಂಥವು ಕೇಳಿ.

ಯಾರಾದರೂ "ಗೊತ್ತಿಲ್ಲ ಮಿಸ್" ಅಂದರೆ? ಅಲ್ಲಿಗೇ ಬಿಟ್ಟರೆ ಅದು ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ನಿಲ್ಲಿಸಿ ಕೆಣಕಿದರೆ ಅವಮಾನ. ನಾನು ಮಾಡುವುದು ಇಷ್ಟು: "ಸರಿ, ಇಬ್ಬರನ್ನು ಕೇಳ್ತೀನಿ, ಆಮೇಲೆ ನಿನ್ನ ಹತ್ತಿರ ಬರ್ತೀನಿ, ಯಾರ ಉತ್ತರ ಸರಿ ಅನ್ನಿಸ್ತು ಹೇಳು." ಮತ್ತೆ ಖಂಡಿತ ವಾಪಸ್ ಬರಬೇಕು, ಮರೆತರೆ ಈ ಉಪಾಯ ಎರಡೇ ದಿನಕ್ಕೆ ಸತ್ತುಹೋಗುತ್ತದೆ.

4. ತಪ್ಪು ಹೇಳಿದರೂ ಪರವಾಗಿಲ್ಲ ಅನ್ನುವ ಧೈರ್ಯ ಕೊಡಿ

ಮೇಲಿನದೆಲ್ಲ ನಡೆಯಬೇಕಾದರೆ ಮಕ್ಕಳು ತಪ್ಪನ್ನು ಮುಚ್ಚಿಡದೆ ತೋರಿಸಬೇಕು. ತೋರಿಸಿದ್ದಕ್ಕೆ ನಗುವೋ ಬೈಗುಳವೋ ಸಿಕ್ಕರೆ ಮರುದಿನದಿಂದ ಪಕ್ಕದವನ ಸ್ಲೇಟು ನೋಡಿ ಬರೆಯುತ್ತಾರೆ. ಆಗ ನಿಮಗೆ ಕಾಣುವುದೆಲ್ಲ ಸರಿ ಉತ್ತರ, ಕಲಿಕೆ ಮಾತ್ರ ಸೊನ್ನೆ.

ಪರವಾಗಿಲ್ಲ ಅಂತ ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮ ಮುಖವನ್ನು ಅವರು ಓದುತ್ತಿರುತ್ತಾರೆ. ಸರಿ ಉತ್ತರಕ್ಕೆ "ವೆರಿ ಗುಡ್", ತಪ್ಪು ಉತ್ತರಕ್ಕೆ "ಹೇಗೆ ಬಂತು?" ಅಂತ ಕೇಳುವ ಅಭ್ಯಾಸ ಇದ್ದರೆ "ಹೇಗೆ ಬಂತು" ಅಂದ ಕೂಡಲೇ ಮಗು ಉತ್ತರ ಅಳಿಸಲು ಶುರು ಮಾಡುತ್ತದೆ. ಸರಿ ಉತ್ತರಕ್ಕೂ ಅದೇ ಧಾಟಿಯಲ್ಲಿ "ಹೇಗೆ ಬಂತು?" ಕೇಳಿ. ಕೆಲವೊಮ್ಮೆ ಸರಿ ಉತ್ತರದ ಹಿಂದೆ ಎಂಥ ವಿಚಿತ್ರ ದಾರಿ ಇರುತ್ತದೆ ಅಂದರೆ ನೀವೇ ಬೆಚ್ಚಿಬೀಳುತ್ತೀರಿ.

ಇನ್ನು ನಿಮ್ಮ ತಪ್ಪು. ಬೋರ್ಡಿನಲ್ಲಿ ತಪ್ಪು ಬರೆದು ಮಗು ಅದನ್ನು ತೋರಿಸಿದರೆ "ನೀವು ನೋಡ್ತಿದ್ದೀರಾ ಅಂತ ಪರೀಕ್ಷೆ ಮಾಡಿದೆ" ಅನ್ನುವ ಹಳೇ ಡೈಲಾಗ್ ಬೇಡ. ಯಾರೂ ನಂಬುವುದಿಲ್ಲ. "ಹೌದಲ್ಲಾ, ನಾನು ಚಿಹ್ನೆ ಬಿಟ್ಟೆ, ಥ್ಯಾಂಕ್ಸ್" ಅಂದು ತಿದ್ದಿಕೊಳ್ಳಿ. ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೂ ಅಷ್ಟೇ. ನಾಳೆ ನೋಡಿಕೊಂಡು ಬರುತ್ತೇನೆ ಅನ್ನಿ, ನಾಳೆ ನೋಡಿಕೊಂಡೇ ಬನ್ನಿ.

5. ಗಲಾಟೆ ಆದ ಮೇಲೆ ಏನು ಮಾಡುವುದು ಅಂತ ಅಲ್ಲ, ಆಗದ ಹಾಗೆ ಏನು ಮಾಡುವುದು ಅಂತ ಯೋಚಿಸಿ

ಶಿಸ್ತಿನ ವಿಷಯಕ್ಕೆ ಬಂದರೆ ಎಲ್ಲರೂ ಕೇಳುವುದು "ಗಲಾಟೆ ಮಾಡಿದರೆ ಏನು ಶಿಕ್ಷೆ ಕೊಡಬೇಕು" ಅಂತ. ಜೇಕಬ್ ಕೂನಿನ್ ಎಂಬ ಸಂಶೋಧಕರು ತರಗತಿಗಳ ವಿಡಿಯೋ ನೋಡಿ 1970ರಲ್ಲಿ ಹೇಳಿದ್ದು ಬೇರೆ. ಕ್ಲಾಸು ಚೆನ್ನಾಗಿ ನಡೆಸುವವರಿಗೂ ನಡೆಸಲಾಗದವರಿಗೂ ಗಲಾಟೆ ಆದ ಮೇಲೆ ಮಾಡುವ ಕ್ರಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕಿಂತ ಮುಂಚಿನ ನಿಮಿಷಗಳಲ್ಲಿ. ಇಡೀ ಕೋಣೆಯಲ್ಲಿ ಏನಾಗುತ್ತಿದೆ ಅಂತ ಅವರಿಗೆ ಗೊತ್ತಿರುತ್ತಿತ್ತು, ಗೊತ್ತಿದೆ ಅಂತ ಮಕ್ಕಳಿಗೂ ಗೊತ್ತಿರುತ್ತಿತ್ತು. ಪಾಠದ ಓಟ ನಿಲ್ಲುತ್ತಿರಲಿಲ್ಲ. ಕೆಲಸ ಇಲ್ಲದೆ ಯಾರೂ ಕೂತಿರುತ್ತಿರಲಿಲ್ಲ.

ಅಂದರೆ, ನೀವು ಒಳಗೆ ಬರುವಷ್ಟರಲ್ಲಿ ಮಾಡಲು ಒಂದು ಕೆಲಸ ಬೋರ್ಡಿನ ಮೇಲೆ ಇರಲಿ. ಹಾಜರಿ ತೆಗೆಯುವಾಗ ಅವರ ಕೈಯಲ್ಲಿ ಪೆನ್ನಿರಲಿ. ಪುಸ್ತಕ ಹಂಚುವುದು, ಗುಂಪು ಮಾಡುವುದು, ಹೊರಗೆ ಹೋಗುವುದು, ಇವಕ್ಕೆಲ್ಲ ಒಂದೇ ರೀತಿ ಇರಲಿ, ಮೊದಲ ಎರಡು ವಾರ ಅದನ್ನೇ ಅಭ್ಯಾಸ ಮಾಡಿಸಿ. ಆ ಎರಡು ವಾರ ಪೋರ್ಶನ್ ಹಿಂದೆ ಬಿತ್ತು ಅಂತ ಗಾಬರಿ ಬೇಡ, ವರ್ಷವಿಡೀ ಬಡ್ಡಿ ಸಮೇತ ವಾಪಸ್ ಬರುತ್ತದೆ. ಬೋರ್ಡಿಗೆ ಅಂಟಿಕೊಂಡು ನಿಲ್ಲದೆ ಓಡಾಡಿ, ಕೊನೆಯ ಬೆಂಚಿನ ಹಿಂದೆ ನಿಂತು ಪಾಠ ಮಾಡಿ ನೋಡಿ. ದನಿ ಏರಿಸುವ ಬದಲು ಇಳಿಸಿ. ಪಿಸುಗುಡುತ್ತಿರುವವನ ಪಕ್ಕ ಹೋಗಿ ನಿಂತು ಪಾಠ ಮುಂದುವರಿಸಿದರೆ ಒಂದು ಮಾತೂ ಆಡಬೇಕಾಗಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. "ಇನ್ನೊಂದು ಸದ್ದು ಬಂದರೆ ಇಡೀ ಕ್ಲಾಸಿಗೆ ಆಟದ ಪೀರಿಯಡ್ ಇಲ್ಲ" ಅಂದೆ. ಸದ್ದು ಬಂತು. ಯಾರು ಅಂತ ಗೊತ್ತಾಗಲಿಲ್ಲ. ಮಾಡಿದರೆ ಮೂವತ್ತೈದು ನಿರಪರಾಧಿಗಳಿಗೆ ಅನ್ಯಾಯ, ಬಿಟ್ಟರೆ ನನ್ನ ಮಾತಿಗೆ ಬೆಲೆ ಇಲ್ಲ. ಕೊನೆಗೆ ಆಟಕ್ಕೆ ಬಿಟ್ಟೆ, ಮುಂದಿನ ಒಂದು ತಿಂಗಳು ನನ್ನ ಯಾವ ಎಚ್ಚರಿಕೆಗೂ ಯಾರೂ ಸೊಪ್ಪು ಹಾಕಲಿಲ್ಲ. ಮಾಡಲಾಗದ ಬೆದರಿಕೆ ಹಾಕಬೇಡಿ. ಒಬ್ಬನ ತಪ್ಪಿಗೆ ಎಲ್ಲರನ್ನೂ ಎಳೆಯಬೇಡಿ, ಅನ್ಯಾಯವನ್ನು ಮಕ್ಕಳು ತುಂಬಾ ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಪಾಠಕ್ಕಿಂತ ಜಾಸ್ತಿ.

6. ಹಳೆಯದನ್ನು ಮತ್ತೆ ಮತ್ತೆ ಎಳೆದು ತನ್ನಿ

ಮರೆಯುವುದು ಮಕ್ಕಳ ಸೋಮಾರಿತನ ಅಲ್ಲ. ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದು ಇದನ್ನೇ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಸರಸರ ಇಳಿದುಹೋಗುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ.

ಹಾಗಂತ ಮತ್ತೆ ಮತ್ತೆ ಓದಿಸುವುದು ಪರಿಹಾರ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯ ಕೊಟ್ಟರು. ಕೆಲವರು ಅದನ್ನು ಎರಡನೇ ಸಲ ಓದಿದರು, ಕೆಲವರು ಓದುವ ಬದಲು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಇಟ್ಟರೆ ನೆನಪಿನಿಂದ ಬರೆದವರು ಮುಂದು. ಇದಕ್ಕೇ ನಾವು ಮೋಸ ಹೋಗುವುದು. ಓದಿಸಿದ ಕೂಡಲೇ ಕೇಳಿದರೆ ಎಲ್ಲ ಬಂದಂತೆ ಕಾಣುತ್ತದೆ.

ಮಾಡುವುದು ಸುಲಭ. ಪೀರಿಯಡ್‌ನ ಮೊದಲ ಐದು ನಿಮಿಷ, ಮೂರು ಪ್ರಶ್ನೆ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಪುಸ್ತಕ ಮುಚ್ಚಿರಬೇಕು. ಅಂಕ ಇಲ್ಲ, ದಾಖಲೆ ಇಲ್ಲ. ಅವರೇ ತಿದ್ದಿಕೊಳ್ಳಲಿ. ಕೊನೆಯ ಪ್ರಶ್ನೆಗೆ ಎಷ್ಟು ಕೈ ಏಳುತ್ತದೆ ಅನ್ನುವುದರ ಮೇಲೆ ನಿಮ್ಮ ಹೋದ ತಿಂಗಳ ಪಾಠಕ್ಕೆ ನೀವೇ ಅಂಕ ಹಾಕಿಕೊಳ್ಳಬಹುದು.

7. ನೋಟ್‌ಬುಕ್ ತಿದ್ದುವುದನ್ನು ಅರ್ಧ ಮಾಡಿ

ರಾಶಿ ರಾಶಿ ಪುಸ್ತಕ, ಕೆಂಪು ಪೆನ್ನು, ಪ್ರತಿ ಪುಟಕ್ಕೂ ಟಿಕ್ಕು ಮತ್ತು ಒಂದು "ಗುಡ್". ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಆ ಟಿಕ್ಕುಗಳಿಂದ ಯಾರಾದರೂ ಏನಾದರೂ ಕಲಿತರಾ ಅಂತ ಈಗ ಕೇಳಿದರೆ, ಇಲ್ಲ. ಪುಸ್ತಕ ತಿದ್ದಿದ್ದೇನೆ ಅಂತ ಇತರರಿಗೆ ತೋರಿಸಲು ಆಯ್ತು ಅಷ್ಟೇ.

ರೂತ್ ಬಟ್ಲರ್ ಎಂಬ ಇಸ್ರೇಲಿ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಎರಡೂ. ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಯಾಕಿರಬಹುದು ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಉತ್ತರ ಪತ್ರಿಕೆ ಹಂಚಿದ ಕೂಡಲೇ ಏನಾಗುತ್ತದೆ ನೋಡಿ. "ನಿಂಗೆಷ್ಟು?" "ನಿಂಗೆಷ್ಟು?" ಅಷ್ಟೇ, ಕೆಳಗೆ ನೀವು ಬರೆದ ನಾಲ್ಕು ಸಾಲು ಯಾರೂ ಓದುವುದಿಲ್ಲ.

ಟಿಪ್ಪಣಿ ಅಂದರೆ "ಇನ್ನೂ ಪ್ರಯತ್ನಿಸು" ಅಲ್ಲ. ಏನು ಪ್ರಯತ್ನಿಸಬೇಕು ಅಂತ ಗೊತ್ತಿದ್ದರೆ ಆಗಲೇ ಮಾಡುತ್ತಿದ್ದರು. "3ನೇ ಸಾಲಿನಲ್ಲಿ ಆವರಣ ಬಿಡಿಸುವಾಗ ಎರಡನೇ ಪದದ ಚಿಹ್ನೆ ನೋಡು, ಆಮೇಲೆ 4 ಮತ್ತು 5ನೇ ಲೆಕ್ಕ ಮತ್ತೆ ಮಾಡು." ಇದು ಟಿಪ್ಪಣಿ. ಪುಸ್ತಕ ಹಂಚಿದ ದಿನ ಕ್ಲಾಸಿನಲ್ಲೇ ಹತ್ತು ನಿಮಿಷ ಕೊಡಿ, ಅಲ್ಲೇ ಸರಿಪಡಿಸಲಿ. ಸಮಯ ಕೊಡದಿದ್ದರೆ ಬರೆಯಲೇಬೇಡಿ, ನಿಮ್ಮ ರಾತ್ರಿ ನಿದ್ದೆ ದಂಡ.

ಇಷ್ಟೆಲ್ಲ ಪ್ರತಿ ಪುಸ್ತಕಕ್ಕೂ ದಿನಾ ಆಗುವ ಮಾತಲ್ಲ. ನಾನು ಮಾಡುವುದು ಹೀಗೆ. ಎಲ್ಲವನ್ನೂ ಬೇಗ ಓದುತ್ತೇನೆ, ಪೆನ್ನು ಮುಟ್ಟದೆ. ಓದುತ್ತಾ ಮೂರು ರಾಶಿ ಮಾಡುತ್ತೇನೆ. ಬಂದವರು, ಸಣ್ಣ ಎಡವಟ್ಟು ಮಾಡಿದವರು, ಬುಡವೇ ಗೊತ್ತಿಲ್ಲದವರು. ಮರುದಿನ ಮೊದಲ ರಾಶಿಗೆ ಒಂದು ಕಠಿಣ ಲೆಕ್ಕ, ಎರಡನೆಯವರಿಗೆ ಬೋರ್ಡಿನ ಮೇಲೆ ಒಂದೇ ಸಾಮಾನ್ಯ ಟಿಪ್ಪಣಿ, ಮೂರನೆಯವರ ಜೊತೆ ನಾನು ನೆಲದ ಮೇಲೆ. ಮೂವತ್ತಾರು ಪುಸ್ತಕ, ಇಪ್ಪತ್ತೈದು ನಿಮಿಷ.

8. ನೀವು ಯಾರನ್ನು ಕೇಳುತ್ತಿದ್ದೀರಿ ಅಂತ ಎಣಿಸಿ

1968ರಲ್ಲಿ ರೋಸೆಂಥಾಲ್ ಮತ್ತು ಜೇಕಬ್ಸನ್ ಎಂಬವರ ಪ್ರಯೋಗ ತುಂಬಾ ಸುದ್ದಿ ಮಾಡಿತು. ಚೀಟಿ ಎತ್ತಿದ ಹಾಗೆ ಕೆಲವು ಮಕ್ಕಳನ್ನು ಆರಿಸಿ "ಇವರು ಈ ವರ್ಷ ಚಿಗುರುತ್ತಾರೆ" ಅಂತ ಶಿಕ್ಷಕರಿಗೆ ಹೇಳಿದರು, ವರ್ಷದ ಕೊನೆಗೆ ಚಿಕ್ಕ ತರಗತಿಗಳಲ್ಲಿ ಆ ಮಕ್ಕಳ ಅಂಕ ಉಳಿದವರಿಗಿಂತ ಏರಿತ್ತು ಅಂತ ವರದಿ ಮಾಡಿದರು. ಪರಿಣಾಮ ಅಷ್ಟು ದೊಡ್ಡದಾ ಅನ್ನುವ ಬಗ್ಗೆ ಆಮೇಲೆ ತುಂಬಾ ಜಗಳ ಆಗಿದೆ, ಹಾಗಾಗಿ ಅದನ್ನು ಮಂತ್ರದ ಹಾಗೆ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ನಮ್ಮ ನಿರೀಕ್ಷೆ ನಮ್ಮ ನಡವಳಿಕೆಯಲ್ಲಿ ಸೋರುತ್ತದೆ ಅನ್ನುವುದನ್ನು ನೀವೇ ನೋಡಬಹುದು.

ಹಾಜರಿ ಪಟ್ಟಿಯ ಒಂದು ನಕಲು ತೆಗೆದು ಮೇಜಿನ ಮೇಲಿಡಿ. ಒಂದು ವಾರ, ಯಾರನ್ನು ಪ್ರಶ್ನೆ ಕೇಳಿದರೂ ಹೆಸರಿನ ಮುಂದೆ ಒಂದು ಗೆರೆ. ನಾನು ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಗೆರೆ ಒಂಬತ್ತೇ ಜನರ ಮುಂದೆ ಇತ್ತು. ಹನ್ನೊಂದು ಹೆಸರಿನ ಮುಂದೆ ಒಂದೂ ಇಲ್ಲ. ಅದರಲ್ಲಿ ಒಂದು ಹುಡುಗಿಯ ಮುಖ ನೆನಪಿಗೆ ಬರಲು ಎರಡು ಕ್ಷಣ ಬೇಕಾಯ್ತು. ಎಲ್ಲರನ್ನೂ ಸಮನಾಗಿ ನೋಡುತ್ತೇನೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದವಳು ನಾನು.

ಈಗ ಹೆಸರು ಬರೆದ ಚೀಟಿಗಳ ಡಬ್ಬಿ ಇಟ್ಟಿದ್ದೇನೆ. ಡಬ್ಬಿಗೆ ಮುಲಾಜಿಲ್ಲ.

ಇದರ ಪಕ್ಕದಲ್ಲೇ ಒಂದು ಮಾತು. ಈ ಮಗು ನೋಡಿ ಕಲಿಯುವ ಜಾತಿ, ಆ ಮಗು ಕೇಳಿ ಕಲಿಯುವ ಜಾತಿ ಅಂತ ವಿಂಗಡಿಸಿ ಅದಕ್ಕೆ ತಕ್ಕ ಪಾಠ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ಇದರ ಸಂಶೋಧನೆಗಳನ್ನೆಲ್ಲ ಜಾಲಾಡಿ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದರು. ಆ ಸಮಯವನ್ನು ಎರಡನೇ ಅಂಶದ ಮಾದರಿ ಲೆಕ್ಕಗಳಿಗೆ ಹಾಕಿ.

9. ನಿಮ್ಮ ಪಾಠ ನೀವೇ ಕೇಳಿ

ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ಪೀರಿಯಡ್ ರೆಕಾರ್ಡ್ ಮಾಡಿ. ಮಕ್ಕಳ ದನಿಯೂ ಅದರಲ್ಲಿರುತ್ತದೆ, ಶಾಲೆಯಲ್ಲಿ ಅದಕ್ಕೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಯಾರಿಗೂ ಕೇಳಿಸಬೇಡಿ, ಕೇಳಿ ಅಳಿಸಿಬಿಡಿ. ಮೊದಲ ಸಲ ಕೇಳುವುದು ಹಿಂಸೆ, ಮೊದಲೇ ಹೇಳಿದ್ದೇನೆ. ನನ್ನ ನಲವತ್ತು ನಿಮಿಷದಲ್ಲಿ ಮಕ್ಕಳ ದನಿ ಒಟ್ಟು ನಾಲ್ಕು ನಿಮಿಷವೂ ಇರಲಿಲ್ಲ, "ಓಕೆನಾ?" ಮಾತ್ರ ಮೂವತ್ತೊಂದು ಸಲ ಇತ್ತು. ಕೇಳುವಾಗ ಎರಡೇ ಗಮನಿಸಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಕಾಯ್ದಿರಿ, ಮತ್ತು ಒಂದು ತಪ್ಪು ಉತ್ತರ ಬಂದಾಗ ನಿಮ್ಮ ಮೊದಲ ಮಾತು ಏನಾಗಿತ್ತು. ಉಳಿದದ್ದು ಇನ್ನೊಂದು ದಿನ.

ನಂಬಿಕೆಯ ಸಹೋದ್ಯೋಗಿ ಇದ್ದರೆ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿ. "ನನ್ನ ಪಾಠ ಹೇಗಿತ್ತು" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ ಪಾಪ. "ಕಿಟಕಿ ಪಕ್ಕದ ಆ ನಾಲ್ವರನ್ನು ಮಾತ್ರ ನೋಡು, ಏನು ಬರೆದರು, ಯಾವಾಗ ಕೈಬಿಟ್ಟರು ಅಂತ ಹೇಳು" ಅನ್ನಿ.

ಎಲ್ಲಿಂದ ಶುರು ಮಾಡುವುದು?

ಒಂಬತ್ತನ್ನೂ ಒಟ್ಟಿಗೆ ಹಿಡಿದರೆ ಒಂದೂ ನಿಲ್ಲುವುದಿಲ್ಲ, ನಾನು ಮಾಡಿ ಕೆಟ್ಟಿದ್ದೇನೆ. ಮೊದಲ ತಿಂಗಳು ಮೂರು ಸೆಕೆಂಡು ಮತ್ತು ಸ್ಲೇಟು, ಇವೆರಡೇ. ಅದು ಯೋಚಿಸದೆ ಬರುವ ಹಾಗಾದ ಮೇಲೆ ಐದು ನಿಮಿಷದ ಹಳೇ ಪ್ರಶ್ನೆ. ಆಮೇಲೆ ಪುಸ್ತಕದ ರಾಶಿಗಳು. ತಪ್ಪುಗಳ ಪಟ್ಟಿಯನ್ನು ಮಾತ್ರ ಮೊದಲ ದಿನದಿಂದಲೇ ಒಂದು ನೋಟ್‌ಬುಕ್‌ನಲ್ಲಿ ಪಾಠವಾರು ಬರೆದಿಡಿ. ಮುಂದಿನ ವರ್ಷ ಅದೇ ಪಾಠಕ್ಕೆ ಬಂದಾಗ ಅದಕ್ಕಿಂತ ಒಳ್ಳೆಯ ತಯಾರಿ ಯಾವ ಗೈಡಿನಲ್ಲೂ ಸಿಗುವುದಿಲ್ಲ. ನನ್ನದು ಈಗ ಮೂರನೇ ನೋಟ್‌ಬುಕ್. ಭಿನ್ನರಾಶಿಯ ಪುಟದಲ್ಲಿ ಹದಿನೇಳು ತಪ್ಪು ಉತ್ತರಗಳಿವೆ. ಹದಿನೇಳನೆಯದು ಮೊನ್ನೆ ಸಿಕ್ಕಿದ್ದು, 1/2 + 1/3 = 1/6. ಅಂಶ ಒಂದೇ ಇದೆಯಲ್ಲ ಅಂತ ಹಾಗೇ ಇಟ್ಟು ಛೇದಗಳನ್ನು ಗುಣಿಸಿದಳಂತೆ. ಅವಳ ಹತ್ತಿರ ನಾಳೆ ಕೂರಬೇಕು.